ಹುಣಸೆಹಣ್ಣಿನಲ್ಲಿ ತೊಳೆದ ಆಟಗಳು

ಮೊನ್ನೆ ಫೋನಿಗೆ ಚಾರ್ಜು ಏರುತ್ತಿರಲಿಲ್ಲ. ಜೇವರ್ಗಿ ಬಸ್ ನಿಲ್ದಾಣದ ಎದುರಿಗಿರುವ ಮೊಬೈಲ್ ಅಂಗಡಿಗೆ ಹೋದೆ. ಅಂಗಡಿಯವನು ಒಂದು ಹೊಸ ವಾಯರು ಕೊಟ್ಟು “ಹಚ್ಚಿ ನೋಡ್ರಿ” ಎಂದ. ನಾನು ಅದರ ತುದಿಯನ್ನು ತುಟಿಯ ಹತ್ತಿರ ಹಿಡಿದು ಉಫ್, ಉಫ್ ಎಂದು ಎರಡು ಸಲ ಊದಿ, ಆಮೇಲೆ ಫೋನಿಗೆ ಸಿಕ್ಕಿಸಿದೆ. ಅವನಿಗೆ ನಗು ತಡೆಯಲಿಲ್ಲ.

“ಏನ್ರಿ ಅಮ್ಮಾ, ದರ್ಗಾದಾಗ ಮಂತ್ರಿಸಿ ಊದಿ ದಮ್ ಮಾಡಿದಂಗ ಮಾಡ್ತೀರಲ್ಲ! ಹೊಸಾ ವಾಯರಿಗಿ ಯಾರ ಕಣ್ಣ ಬಿದ್ದದ?”

ನಾನೂ ನಕ್ಕೆ. ಮನೆಗೆ ಬಂದು ಚಪ್ಪಲಿ ಬಿಡುವಾಗ ಮಾತ್ರ ಕಣ್ಣಿಗೆ ನೀರು ಬಂತು. ಊದದೆ ಯಾವುದನ್ನೂ ಎಲ್ಲಿಗೂ ಸಿಕ್ಕಿಸಬಾರದು ಎಂದು ಕಲಿಸಿದವರು ನಮ್ಮ ಮನೆಯವರು. ಅವರು ಹೋಗಿ ಏಳು ತಿಂಗಳಾಯಿತು. ಊದುವುದು ನನ್ನಲ್ಲಿ ಉಳಿದಿದೆ.

ನಿಮಗೆ ವಯಸ್ಸು ಕಡಿಮೆಯಿದ್ದರೆ ಈ ಊದುವಿಕೆ ಏನೆಂದು ಹೇಳಬೇಕಾಗುತ್ತದೆ. ಆಗ ಟಿವಿಗೆ ಹಚ್ಚಿ ಆಡುವ ವಿಡಿಯೋ ಗೇಮ್ ಎಂದು ಬರುತ್ತಿತ್ತು. ಒಂದು ಡಬ್ಬಿ, ಅದಕ್ಕೊಂದು ಬಾಯಿ. ಆ ಬಾಯಲ್ಲಿ ಅಂಗೈಯಗಲದ ಪ್ಲಾಸ್ಟಿಕ್ ಬಿಲ್ಲೆ ಇಟ್ಟರೆ ಟಿವಿಯಲ್ಲಿ ಆಟ ಮೂಡುತ್ತಿತ್ತು. ಆ ಬಿಲ್ಲೆಗೆ ಎಲ್ಲರೂ ಕ್ಯಾಸೆಟ್ ಎನ್ನುತ್ತಿದ್ದರು. ಅದರ ಅಂಚಿನಲ್ಲಿ ಸಾಲಾಗಿ ತಾಮ್ರದ ಹಲ್ಲುಗಳು. ಆಟ ಮೂಡದಿದ್ದರೆ ಹಲ್ಲಿಗೆ ಧೂಳು ಕೂತಿದೆ ಎಂದು ಅರ್ಥ. ಊದಿ ಮತ್ತೆ ಇಡಬೇಕು. ಯಾರಿಗೂ ಯಾರೂ ಕಲಿಸದೆ ದೇಶದ ತುಂಬ ಎಲ್ಲರೂ ಊದುತ್ತಿದ್ದರಂತೆ. ಆದರೆ ನನಗೆ ಕಲಿಸಿದವರೊಬ್ಬರಿದ್ದರು.

ಅವರ ಹೆಸರು ಶಾಂತಪ್ಪ. ಜೇವರ್ಗಿಯಲ್ಲಿ ದೊಡ್ಡ ರಸ್ತೆಯ ಮೇಲೆ ಮೋಟರು ವೈಂಡಿಂಗ್ ಅಂಗಡಿ. ಬಾವಿಯ ಮೋಟರು ಸುಟ್ಟರೆ ರೈತರು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬರುತ್ತಿದ್ದರು. ಇವರು ಹಳೆಯ ತಂತಿ ಬಿಚ್ಚಿ ಹೊಸ ತಂತಿ ಸುತ್ತಿ ಕೊಡುತ್ತಿದ್ದರು. ನಾನು ಆಳಂದ ತಾಲೂಕಿನ ಭೂಸನೂರಿನವಳು, ಹತ್ತನೆಯವರೆಗೆ ಓದಿದವಳು. ತೊಂಬತ್ತರ ದಶಕದ ನಡುವಿನಲ್ಲಿ ಈ ಮನೆಗೆ ಬಂದೆ. ಅವರಿಗೆ ಅದು ಎರಡನೆಯ ಮದುವೆ. ಮೊದಲ ಹೆಂಡತಿ ನೀಲಮ್ಮ, ಇಜೇರಿಯವಳು, ಕಾಮಾಲೆಯಾಗಿ ತೀರಿಕೊಂಡು ಎರಡು ವರ್ಷವಾಗಿತ್ತು. ಮಕ್ಕಳಿರಲಿಲ್ಲ.

ನಮ್ಮ ಕಡೆ ಕೆಲವು ಮನೆಗಳಲ್ಲಿ ಒಂದು ರೂಢಿಯಿದೆ. ಎರಡನೆಯವಳಾಗಿ ಬಂದವಳು ತೀರಿಹೋದ ಮೊದಲನೆಯವಳ ಹೆಸರಿನಲ್ಲಿ ಒಂದು ಸಣ್ಣ ಬೆಳ್ಳಿಯ ಬಿಲ್ಲೆಯನ್ನು ತಾಳಿಯ ಜೊತೆ ಕೊರಳಿಗೆ ಕಟ್ಟಿಕೊಳ್ಳಬೇಕು. ಮದುವೆಯ ದಿನವೇ ಅತ್ತೆ ಅದನ್ನು ನನಗೆ ಕಟ್ಟಿದರು. ತೂಕವೇ ಇಲ್ಲದ ವಸ್ತು. ಬಗ್ಗಿ ಕಸ ಹೊಡೆಯುವಾಗ ತಾಳಿಗೆ ತಾಗಿ ಟಿಕ್ ಎನ್ನುತ್ತಿತ್ತು, ಅಷ್ಟೇ. ಆ ಸದ್ದಿಗೆ ಮೊದಲ ತಿಂಗಳು ನಾನು ಎಷ್ಟು ಸಲ ಬೆಚ್ಚಿದ್ದೇನೋ.

ಅತ್ತೆ ಒಳ್ಳೆಯವರು, ಬಾಯಿ ಮಾತ್ರ ಹರಿತ. ಸೊಸೆಯಂದಿರನ್ನು ಹೆಸರಿನಿಂದ ಕರೆಯುತ್ತಿರಲಿಲ್ಲ. ನೀಲಮ್ಮ ‘ಇಜೇರಿಯಕಿ’, ನಾನು ‘ಭೂಸನೂರಕಿ’. “ಇಜೇರಿಯಕಿ ಇದ್ದಾಗ ಮನ್ಯಾಗಿನ ತಾಮ್ರ ಹಿತ್ತಾಳಿ ಎಲ್ಲಾ ಬಂಗಾರದಂಗ ಹೊಳೀತಿತ್ತು ನೋಡ” ಎನ್ನುವರು. ಬೈಗುಳವಲ್ಲ, ನೆನಪು. ನನಗೆ ಮಾತ್ರ ಪರೀಕ್ಷೆಯ ಪ್ರಶ್ನೆಯಂತೆ ಕೇಳುತ್ತಿತ್ತು.

ನೀಲಮ್ಮನನ್ನು ನಾನು ಕಂಡದ್ದು ಅಕ್ಷರಗಳಲ್ಲಿ. ಟಿವಿಯ ಕೆಳಗೆ ಒಂದು ಸೀರೆ ಡಬ್ಬಿ, ಅದರೊಳಗೆ ಹನ್ನೊಂದು ಕ್ಯಾಸೆಟ್. ಪ್ರತಿಯೊಂದಕ್ಕೂ ಗಾಯಕ್ಕೆ ಅಂಟಿಸುವ ಬಿಳಿ ಪಟ್ಟಿ ಹಚ್ಚಿ, ಶಾಯಿಯ ಪೆನ್ನಿನಿಂದ ದುಂಡಗೆ ಹೆಸರು ಬರೆದಿದ್ದಳು. ಮೇಲಿದ್ದ ಇಂಗ್ಲಿಷ್ ಹೆಸರು ಮನೆಯಲ್ಲಿ ಯಾರಿಗೂ ಬಾಯಿಗೆ ಬರುತ್ತಿರಲಿಲ್ಲವಾದ್ದರಿಂದ ಅವಳೇ ಇಟ್ಟ ಹೆಸರುಗಳು: ಇಟ್ಟಂಗಿ, ಕಪ್ಪಿ ಜಿಗಿತ, ಮಂಗ್ಯಾ, ತೆಪ್ಪ, ವಿಮಾನ, ಕೋಳಿ ರಸ್ತಾ… ಇಟ್ಟಂಗಿ ಎಂದರೆ ಚೆಂಡು ಪುಟಿಸಿ ಇಟ್ಟಿಗೆಯ ಗೋಡೆ ಒಡೆಯುವ ಆಟ. ಅದರಲ್ಲಿ ಗಂಡನನ್ನು ಅವಳು ದಿನಾ ಸೋಲಿಸುತ್ತಿದ್ದಳಂತೆ. ಇದನ್ನು ಹೇಳಿದವರೂ ಅತ್ತೆಯೇ.

ನಾನು ಬಂದ ಮೂರನೆಯ ವಾರ ಕರೆಂಟು ಏರಿಳಿದು ಆ ಹಳೆಯ ಡಬ್ಬಿ ಸುಟ್ಟಿತು. ಇವರು ಬಿಚ್ಚಿ ನೋಡಿದರು. ಮೋಟರಾದರೆ ಸುತ್ತಬಹುದು, ಇದರೊಳಗಿನ ಕಾಳಿನಷ್ಟು ಕರಿ ತುಂಡು ಇವರ ಕೈಗೆ ಬಗ್ಗುವಂಥದ್ದಲ್ಲ. ತಂತಿ ತರಲು ಗುಲ್ಬರ್ಗಕ್ಕೆ ಹೋದವರು ಸಂಜೆ ವಾಪಸ್ಸು ಬಂದರು. ತಂತಿಯ ಜೊತೆ ಇನ್ನೇನು ತಂದರೆಂದು ಮನೆಯಲ್ಲಿ ಹೇಳಲಿಲ್ಲ.

ಮರುದಿನ ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಅಂಗಡಿಗೆ ಹೋದೆ. ಒಳಗೆ ಮಾತು ನಡೆದಿತ್ತು. ಪಕ್ಕದಲ್ಲಿ ರೇಡಿಯೋ, ಟೇಪು ರಿಪೇರಿ ಮಾಡುವ ಮೌಲಾಭಾಯಿ ಬಂದು ಕೂತಿದ್ದರು. ಗಂಡಸರ ಮಾತಿನ ನಡುವೆ ಹೋಗುವುದು ಹೇಗೆಂದು ತಗಡಿನ ಮರೆಯಲ್ಲಿ ನಿಂತೆ.

“ಹ್ಯಾಂಗದಪ್ಪಾ ಹೊಸದು?” ಎಂದು ಮೌಲಾಭಾಯಿ ಕೇಳಿದರು.

“ನೋಡಾಕ ಛಂದ ಅದ ಭಾಯಿ. ಬೆಳ್ಳಗ ಅದ. ಖರೆ ಹಿಂದಿಂದರ ಜೋಡಿ ಹೊಂದವಲ್ದು” ಎಂದರು ನಮ್ಮವರು.

“ದಿನಾ ಹೋದಂಗ ಹೊಂದ್ತದ ತಗೋ.”

“ಎಲ್ಲಿದು! ಹಿಂದಿಂದ ಇದ್ದಾಗ ಮನಿ ತುಂಬ ನಗಿ ಇತ್ತು. ಇದು ಬರೇ ಪೇಂ ಪೇಂ ಅಂತದ.”

“ಹಂಗಾರ ತಂದಲ್ಲೇ ಒಯ್ದು ಬಿಟ್ಟು ಬಾ.”

“ಮಾತಾಡೇನಿ. ಎಂಟು ದಿನ ಇಟ್ಕೊಂಡು ನೋಡು, ಹೊಂದಲಿಲ್ಲಂದ್ರ ತಂದು ಬಿಡು ಅಂದಾರ.”

ನೀವು ಆಗಲೇ ನಗುತ್ತಿರಬಹುದು. ನನ್ನ ಜಾಗದಲ್ಲಿ ನಿಂತು ನೋಡಿ. ನಮ್ಮ ಕಡೆ ಹೆಣ್ಣುಮಕ್ಕಳನ್ನು ‘ಅದು ಬಂತು, ಇದು ಹೋತು’ ಎನ್ನುವುದು ದಿನದ ಮಾತು. ಅದು ತಿರಸ್ಕಾರವಲ್ಲ, ಸಲಿಗೆ. ನಾನು ನಮ್ಮ ಮನೆಯಲ್ಲೆಲ್ಲ ಬೆಳ್ಳಗಿನವಳು. ದನಿಯೂ ತುಸು ತೆಳು. ಹೊಸ ಡಬ್ಬಿಯೊಂದು ಅಂಗಡಿಯ ಮೇಜಿನ ಮೇಲೆ ಕೂತಿದೆ ಎಂದು ನನಗೇನು ಗೊತ್ತು? ಎಲ್ಲಕ್ಕಿಂತ ಚುಚ್ಚಿದ್ದು ಕೊನೆಯ ಮಾತು. ಎಂಟು ದಿನ ಇಟ್ಟುಕೊಂಡು ನೋಡು ಎಂದವರು ಯಾರು? ನಮ್ಮ ಅಪ್ಪನಲ್ಲದೆ ಇನ್ನಾರು! ಅಪ್ಪನ ಬಾಯಿಂದ ಆ ಮಾತು ಬಂದಿತೆಂದು ನಂಬಿ, ಬುತ್ತಿಯನ್ನು ಬಾಗಿಲ ಬಳಿ ಇಟ್ಟು, ಬಿಸಿಲಲ್ಲಿ ಮನೆಗೆ ನಡೆದೆ.

ಆ ಎಂಟು ದಿನಗಳನ್ನು ಹೇಗೆ ಹೇಳಲಿ? ರೊಟ್ಟಿ ಬಡಿಯುವಾಗ ಸದ್ದು ಹೆಚ್ಚಾಯಿತೇನೋ ಎಂದು ಭಯ, ಕಡಿಮೆಯಾದರೆ ಸಿಟ್ಟಿನಲ್ಲಿದ್ದೇನೆ ಎಂದುಕೊಂಡಾರು ಎಂದು ಭಯ. ಪೇಂ ಎನ್ನಬಾರದೆಂದು ದನಿ ತಗ್ಗಿಸಿದೆ. ಎಷ್ಟು ತಗ್ಗಿಸಿದೆನೆಂದರೆ ಅತ್ತೆ “ಯಾಕಬೇ, ಗಂಟಲ ಕೂತದೇನು?” ಎಂದು ಅರಿಶಿನದ ಹಾಲು ಕೊಟ್ಟರು. ನಗಬೇಕೆಂದು ನಕ್ಕೆ. ನಕ್ಕದ್ದು ಹೆಚ್ಚಾಯಿತೆಂದು ನಿಲ್ಲಿಸಿದೆ. ಇವರು ಬಟ್ಟೆಯ ಚೀಲ ಹುಡುಕಿದರೆ ನನ್ನನ್ನು ಬಿಟ್ಟು ಬರಲೆಂದೇ ಅಂದುಕೊಳ್ಳುತ್ತಿದ್ದೆ. ಭೂಸನೂರಿನಲ್ಲಿ ನನ್ನ ಹಿಂದೆ ಇನ್ನೂ ಇಬ್ಬರು ತಂಗಿಯರಿದ್ದರು. ವಾಪಸ್ಸು ಹೋದ ಅಕ್ಕ ಇರುವ ಮನೆಗೆ ಯಾರು ಹೆಣ್ಣು ಕೇಳಿ ಬರುತ್ತಾರೆ?

ಇಜೇರಿಯಕಿಯಂತೆ ಆಗಿಬಿಡುವುದೊಂದೇ ದಾರಿ ಎನಿಸಿತು. ಗೊತ್ತಿದ್ದದ್ದು ಒಂದೇ, ತಾಮ್ರ ಹಿತ್ತಾಳೆ. ಹುಣಸೆಹಣ್ಣು ನೆನೆಹಾಕಿ, ಉಪ್ಪು ಬೆರೆಸಿ, ತಂಬಿಗೆ, ಕೊಡ, ಹಂಡೆ, ದೀಪದ ಕಂಬ, ಅತ್ತೆಯ ಎಲೆಯಡಿಕೆಯ ಡಬ್ಬಿ ಎಲ್ಲ ತಿಕ್ಕಿದೆ. ಏಳನೆಯ ದಿನಕ್ಕೆ ತಿಕ್ಕಲು ಏನೂ ಉಳಿಯಲಿಲ್ಲ. ಹುಣಸೆ ನೀರು ಮಾತ್ರ ಅರ್ಧ ಬೋಗುಣಿ ಉಳಿದಿತ್ತು. ಆಗ ಸೀರೆ ಡಬ್ಬಿ ಕಣ್ಣಿಗೆ ಬಿತ್ತು. ತೆರೆದೆ. ಹನ್ನೊಂದೂ ಕ್ಯಾಸೆಟ್ಟಿನ ತಾಮ್ರದ ಹಲ್ಲುಗಳು ಕಪ್ಪಾಗಿದ್ದವು.

ಮುಂದಿನದನ್ನು ನೀವು ಊಹಿಸಬಲ್ಲಿರಿ. ಹನ್ನೊಂದನ್ನೂ ಬೋಗುಣಿಯಲ್ಲಿ ಮುಳುಗಿಸಿ, ಒಂದೊಂದೇ ತೆಗೆದು ನಾರಿನಿಂದ ತಿಕ್ಕಿ, ಒಳ್ಳೆಯ ನೀರಿನಲ್ಲಿ ತೊಳೆದು, ಮಾಳಿಗೆಯ ಬಿಸಿಲಿಗೆ ಸಾಲಾಗಿ ಇಟ್ಟೆ. ಹಲ್ಲುಗಳು ಬಂಗಾರದಂತೆ ಹೊಳೆದವು. ನನಗೆ ಹಿಗ್ಗು. ತಿರುವಿ ಹಾಕುವಾಗ ಕಂಡೆ: ಬಿಳಿ ಪಟ್ಟಿಗಳೆಲ್ಲ ತಿಳಿ ನೀಲಿ. ಅಕ್ಷರ ಒಂದೂ ಇರಲಿಲ್ಲ.

ಇವರು ಬಂದು ನೋಡಿದರು. ಬೈಯಲಿಲ್ಲ. ಮಾಳಿಗೆಯ ಮೇಲೆ ಕುಕ್ಕುರುಗಾಲಲ್ಲಿ ಕೂತು ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದು ನೋಡಿ, ಮತ್ತೆ ಅದೇ ಜಾಗದಲ್ಲಿ ಇಡುತ್ತ ಹೋದರು. ಹನ್ನೊಂದು ಸಲ. ಬೈದಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಅದನ್ನು ನೋಡಲಾಗದೆ ನನ್ನ ಬಾಯಿಂದ ಬಂದೇಬಿಟ್ಟಿತು.

“ನಾಳಿ ಎಂಟನೇ ದಿನ ಅದರಿ. ಮುಂಜಾನಿ ಬಸ್ಸಿಗೇ ಬಿಟ್ಟು ಬರ್ರಿ.”

“ಎಲ್ಲಿಗಿ?”

“ಭೂಸನೂರಿಗಿ.”

“ಭೂಸನೂರಾಗ ವಿಡಿಯೋ ಗೇಮಿನ ಅಂಗಡಿ ಎಲ್ಲದ?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ನಾನು ಅಳುತ್ತ ತಗಡಿನ ಹಿಂದೆ ಕೇಳಿದ್ದನ್ನೆಲ್ಲ ಒಪ್ಪಿಸಿದೆ, ಬೆಳ್ಳಗ, ಪೇಂ ಪೇಂ ಎಲ್ಲ. ಅವರು ತಲೆಗೆ ಕೈ ಹೊತ್ತುಕೊಂಡರು. ಕೆಳಗಿನಿಂದ ಮಾತು ಕೇಳಿಸಿಕೊಳ್ಳುತ್ತಿದ್ದ ಅತ್ತೆ ಏಣಿಯ ಬುಡದಲ್ಲಿ ಕೂತು ನಗತೊಡಗಿದರು. “ಅಯ್ಯ ನನ್ನ ಶಿವನೇ! ಡಬ್ಬಿಗಿ ಸವತಿ ಆಗಾಕ ಹೊಂಟಿದ್ದೇನ ನೀನು! ಲೇ ಶಾಂತ್ಯಾ, ಆಕಿ ಮಾರಿ ನೋಡಿ ಮಾತಾಡಾಕ ಏನಾಗಿತ್ತಲೇ ನಿನಗ?”

ಸಂಜೆ ಹೊಸ ಡಬ್ಬಿ ಮನೆಗೆ ಬಂತು. ನಿಜಕ್ಕೂ ಬೆಳ್ಳಗಿತ್ತು, ನಿಜಕ್ಕೂ ಪೇಂ ಎನ್ನುತ್ತಿತ್ತು. ಗುಲ್ಬರ್ಗದ ಅಂಗಡಿಯವನು ‘ಎಲ್ಲಾ ನಡೀತಾವ, ಎಂಟು ದಿನ ನೋಡ್ರಿ’ ಎಂದು ಹೇಳಿ ಕೊಟ್ಟಿದ್ದನಂತೆ. ಹಳೆಯ ಕ್ಯಾಸೆಟ್ಟು ಅದರ ಬಾಯಲ್ಲಿ ಹಲ್ಲುದುರಿದವರ ಬಾಯಲ್ಲಿನ ಅಡಿಕೆಯಂತೆ ಅಲ್ಲಾಡುತ್ತಿತ್ತು. ಜೊತೆಗೆ ಬಂದ ಹಳದಿ ಕ್ಯಾಸೆಟ್ಟಿನ ಮೇಲೆ ಸಾವಿರಗಟ್ಟಲೆ ಆಟವೆಂದು ಅಚ್ಚಾಗಿತ್ತು. ಎಣಿಸಿದರೆ ಐದೇ ಆಟ, ಹೆಸರು ಮಾತ್ರ ಬೇರೆ ಬೇರೆ. ಮರುದಿನ ಎಂಟನೆಯ ದಿನ ಎಂಬುದು ನಮ್ಮಿಬ್ಬರಿಗೂ ಮರೆತುಹೋಯಿತು. ಡಬ್ಬಿ ಇಲ್ಲೇ ಉಳಿಯಿತು.

ನಾನೂ ಉಳಿದೆ. ಆದರೆ ಎದೆಯ ಭಾರ ಇಳಿಯಲಿಲ್ಲ. ಹೆಸರು ಅಳಿಸಿದ ಹನ್ನೊಂದು ಕ್ಯಾಸೆಟ್. ಯಾವುದು ಯಾವುದೆಂದು ತಿಳಿಯಲು ಹಳೆಯ ಡಬ್ಬಿ ಬೇಕು. ಅದು ಸುಟ್ಟಿದೆ. ಹೊಸದು ಅವನ್ನು ಒಲ್ಲದು. ಹುಣಸೆ ನೀರು ಕುಡಿದ ಮೇಲೆ ಅವುಗಳಲ್ಲಿ ಜೀವ ಇದೆಯೋ ಇಲ್ಲವೋ, ಅದನ್ನು ತಿಳಿಯುವ ದಾರಿಯೂ ಇರಲಿಲ್ಲ. ಸತ್ತವಳು ಬರೆದಿಟ್ಟದ್ದನ್ನು ಬಂದು ತಿಂಗಳಾಗುವುದರೊಳಗೆ ತೊಳೆದು ಹಾಕಿದ್ದೆ.

ಹಳೆಯ ಡಬ್ಬಿ ಇರುವ ಮನೆ ಹುಡುಕಿಕೊಟ್ಟವರು ಮೌಲಾಭಾಯಿ. ಅಫಜಲಪುರದಲ್ಲಿ ಅವರ ತಂಗಿಯ ಮನೆಯಲ್ಲಿ ಅಂಥದ್ದೇ ಒಂದು ಕೆಲಸ ಮಾಡುತ್ತಿತ್ತು. ಒಂದು ಮುಂಜಾನೆ ನಾವಿಬ್ಬರೂ ಬಸ್ಸು ಹತ್ತಿದೆವು. ಸೀರೆ ಡಬ್ಬಿ ನನ್ನ ತೊಡೆಯ ಮೇಲೆ. ಬಸ್ಸು ಕುಲುಕಿದಾಗಲೆಲ್ಲ ಒಳಗಿನವು ಖಟಖಟ ಎನ್ನುತ್ತಿದ್ದವು, ನಾನು ಎರಡೂ ಕೈಯಿಂದ ಅದುಮಿ ಹಿಡಿಯುತ್ತಿದ್ದೆ. ಇವರು ದಾರಿಯುದ್ದಕ್ಕೂ ಬೈದರು. ನನ್ನನ್ನಲ್ಲ, ಕಂಪನಿಯವರನ್ನು.

“ರೈತ ಹೊಸಾ ಮೋಟರ್ ತಗೊಂಡ್ರ ಹಳೇ ಬಾವಿ ಮುಚ್ಚಂತ ಹೇಳ್ತೀವೇನು? ಹಳೇ ಪಂಪಿಗೇ ಕೂಡಿಸಿ ಕೊಡ್ತೀವಿ. ಇವರಿಗಿ ನೋಡು, ತಮ್ಮದೇ ಮಾಲು, ತಮಗೇ ಗುರ್ತಿಲ್ಲ.” ನನ್ನ ಕೊರಳ ಕಡೆ ನೋಡಿದರು. “ನಮ್ಮ ಮಂದಿ ಹೊಸಾಕಿನ್ನ ತಂದ್ರ ಹಿಂದಿನಾಕಿ ಬಿಲ್ಲಿ ಕೊರಳಿಗಿ ಕಟ್ತಾರ. ಕಂಪನಿಯವರಿಗಿ ಅಷ್ಟೂ ತಿಳಿಯಂಗಿಲ್ಲ.”

ಅವರು ನೀಲಮ್ಮನ ವಿಷಯವನ್ನು ನನ್ನೆದುರು ಆಡಿದ್ದು ಅದೇ ಮೊದಲು. ನಾನು ಕಿಟಕಿಯ ಹೊರಗೆ ತೊಗರಿ ಹೊಲ ನೋಡುತ್ತ ಕೂತೆ.

ಅಫಜಲಪುರದಲ್ಲಿ ಮೌಲಾಭಾಯಿಯ ತಂಗಿ ಚಹಾ ಕೊಟ್ಟು, “ಆಡಿಕೋರಿ” ಎಂದು ಹೇಳಿ ಒಳಗೆ ಹೋದರು. ಇವರು ಒಂದೊಂದನ್ನೇ ಊದಿ ಇಟ್ಟರು. ನಾನು ಹೊಸ ಪಟ್ಟಿ, ಹೊಸ ಪೆನ್ನು ಹಿಡಿದು ನೆಲದ ಮೇಲೆ ಕೂತೆ. ಮೊದಲನೆಯದು ಮೂಡಿತು. “ಕೋಳಿ ರಸ್ತಾ, ಬರಿ.” ಬರೆದೆ. ಎರಡನೆಯದು ಮೂಡಲಿಲ್ಲ. ಊದಿದರು, ನಾನೂ ಊದಿದೆ, ಇಬ್ಬರೂ ಸೇರಿ ಊದಿದೆವು. ಪರದೆ ಕಪ್ಪು. “ಇರ್ಲಿ, ಬಾಜೂಕಿಡು.” ಮೂರನೆಯದು ಕಪ್ಪಿ ಜಿಗಿತ. ಹೀಗೆ ಎಂಟು ನಡೆದವು, ಮೂರು ನಡೆಯಲಿಲ್ಲ. ನಡೆದ ಎಂಟರಲ್ಲಿ ಒಂದರ ಹೆಸರು ಮಾತ್ರ ಅವರಿಗೆ ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಒಂದು ಚೌಕದಂಥ ಗಾಡಿ ಸೇತುವೆಯ ಮೇಲೆ ಆಚೆಗೆ ಹೋಗುವುದು, ಈಚೆಗೆ ಬರುವುದು.

“ಆಕಿ ಏನಂತಿದ್ಳೋ… ನೀನೇ ಒಂದು ಇಡು” ಎಂದರು.

ನಾನು ‘ಭೂಸನೂರ ಬಸ್ಸು’ ಎಂದು ಬರೆದೆ. ಅವರು ಓದಿ, ಪರರ ಮನೆ ಎಂಬುದನ್ನೂ ಮರೆತು ನಕ್ಕರು. ಮದುವೆಯಾದ ಮೇಲೆ ಅವರು ಹಾಗೆ ನಕ್ಕದ್ದು ನಾನು ಕಂಡಿರಲಿಲ್ಲ.

ನಡೆಯದ ಮೂರು ಯಾವುವೆಂದು ಉಳಿದ ಹೆಸರುಗಳಿಂದ ತಿಳಿಯಿತು: ಮಂಗ್ಯಾ, ತೆಪ್ಪ, ಇಟ್ಟಂಗಿ. ಇಟ್ಟಂಗಿ ಎನ್ನುವಾಗ ಅವರ ದನಿ ಸಣ್ಣಗಾಯಿತು. ಅದು ನಾನು ಅಂದುಕೊಂಡದ್ದೂ ಇರಬಹುದು. ಅವರು ಆ ಮೂರನ್ನು ಮತ್ತೆ ಡಬ್ಬಿಯಲ್ಲೇ ಇಟ್ಟರು. “ಕೆಡಿಸಿದೆನಲ್ರಿ” ಎಂದೆ. “ಹಳೇವಿದ್ವು” ಎಂದರು. ಮುಂದೆ ಇಪ್ಪತ್ತೆಂಟು ವರ್ಷ ಆ ಮಾತು ಎತ್ತಲಿಲ್ಲ. ಎತ್ತಲಿಲ್ಲವಲ್ಲ ಎಂಬುದೇ ನನಗೆ ಕೊರೆಯುತ್ತಿತ್ತು.

ಊರಿಗೆ ಬಂದು ಡಬ್ಬಿಯ ಮೇಲಿದ್ದ ದಿಲ್ಲಿಯ ವಿಳಾಸಕ್ಕೆ ಕಾರ್ಡು ಬರೆದೆವು, ಅವರು ಹೇಳಿ ನಾನು ಬರೆದು. ‘ಮಾನ್ಯರೇ, ನಿಮ್ಮ ಹೊಸ ಯಂತ್ರದಲ್ಲಿ ಹಿಂದಿನವು ನಡೆಯುವುದಿಲ್ಲ. ನಡೆಯುವಂತೆ ಮಾಡಬೇಕಾಗಿ ವಿನಂತಿ.’ ಶುದ್ಧ ಕನ್ನಡದಲ್ಲಿ. ಉತ್ತರ ಬರಲಿಲ್ಲ. ಆಮೇಲೆ ಅವರು ಇನ್ನೂ ಎರಡು ಡಬ್ಬಿ ಕೊಂಡರು, ಅದರಲ್ಲೊಂದು ಕ್ಯಾಸೆಟ್ಟಿನ ಬದಲು ಸಿಡಿ ತಟ್ಟೆ ಹಾಕುವಂಥದ್ದು. ಪ್ರತಿ ಅಂಗಡಿಯಲ್ಲೂ ಮೊದಲ ಪ್ರಶ್ನೆ ಒಂದೇ: “ಹಿಂದಿನವು ಇದರಾಗ ನಡೀತಾವೇನ್ರಿ?” ಅಂಗಡಿಯವರು ನಗುತ್ತಿದ್ದರು. ಕಳೆದ ವರ್ಷ ಎದೆನೋವಿಗೆ ಹೊಸ ಡಾಕ್ಟರರು ಹೊಸ ಗುಳಿಗೆ ಬರೆದುಕೊಟ್ಟಾಗಲೂ ಹಾಸಿಗೆಯ ಮೇಲಿಂದ ಅದನ್ನೇ ಕೇಳಿದರು: “ಹಿಂದಿನವು ಇದರ ಜೋಡಿ ನಡೀತಾವೇನ್ರಿ?” ಡಾಕ್ಟರು ನಗಲಿಲ್ಲ, ನಡೀತಾವ ಎಂದರು. ನಡೆದವು, ಮೂರು ತಿಂಗಳು.

ಅವರು ಹೋದ ಮೇಲೆ ಬಂದವರೆಲ್ಲ ಅವರ ವಿಷಯವನ್ನೇ ಮಾತಾಡಿದರು: ಕೆಲಸಗಾರ, ಮಾತು ಕಡಿಮೆ, ಒಳ್ಳೆಯ ಮನುಷ್ಯ. ನಾನು ಹೂಂ ಎನ್ನುತ್ತ ಕೂತಿದ್ದೆ. ನನಗೆ ಬೇರೆಯದೇ ಮಾತು ಬೇಕಿತ್ತು. ಆಡುವಾಗ ಅವರು ನಾಲಿಗೆಯ ತುದಿ ಕಚ್ಚಿಕೊಳ್ಳುತ್ತಿದ್ದರು. ಗಾಡಿ ಎಡಕ್ಕೆ ತಿರುಗಿದರೆ ಇಡೀ ಮೈ ಎಡಕ್ಕೆ ವಾಲುತ್ತಿತ್ತು. ಸೋತರೆ ಕೈಯಲ್ಲಿದ್ದ, ಒತ್ತಿ ಆಡುವ ಗುಂಡಿಗಳ ಹಿಡಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದರು, ತಪ್ಪು ಅದರದೇ ಎಂಬಂತೆ. ನೀಲಮ್ಮನ ಜೊತೆ ಆಡುವಾಗಲೂ ಹೀಗೆಯೇ ಮಾಡುತ್ತಿದ್ದರೇ? ಇದನ್ನು ಕೇಳಬಹುದಾದವಳು ಅವಳೊಬ್ಬಳೇ. ಎಂಟು ದಿನ ಯಾರ ಹೆಸರಿಗೆ ಹೆದರಿ ನಡುಗಿದ್ದೆನೋ, ಈಗ ಅವಳು ಬಾಗಿಲಿಗೆ ಬಂದು ನಿಂತರೆ ಚಾಪೆ ಹಾಸಿ ಕೂಡಿಸಿಕೊಳ್ಳುತ್ತಿದ್ದೆ. ಅತ್ತೆಯೂ ಇಲ್ಲ ಈಗ.

ಅಫಜಲಪುರದ ಶಾಲೆಯಲ್ಲಿ ಕೆಲಸ ಮಾಡುವ ನನ್ನ ಮಗಳು ಕಳೆದ ಭಾನುವಾರ ಬಂದಿದ್ದಳು. ನಾನು ಸುಮ್ಮನೆ ಕೂರುವುದನ್ನು ನೋಡಲಾಗದೆ ಫೋನಿನಲ್ಲಿ ಏನೋ ಇಳಿಸಿಕೊಟ್ಟಳು. “ಯವ್ವಾ, ಹಳೇ ಆಟ ಎಲ್ಲಾ ಅವ ಇದರಾಗ. ಯಾವುದು ಬೇಕು, ಹೆಸರ ಹೇಳು, ಹುಡುಕ್ತೀನಿ.”

“ಇಟ್ಟಂಗಿ” ಎಂದೆ.

“ಹಂಗಂದ್ರ ಇಂಗ್ಲಿಷಿನಾಗ ಏನಂತಾರ?”

ಗೊತ್ತಿರಲಿಲ್ಲ. ನನಗೆ ಒಂದರ ನಿಜವಾದ ಹೆಸರೂ ಗೊತ್ತಿಲ್ಲ. ಅವಳು ಬಸ್ಸಿಗೆ ಹೋದ ಮೇಲೆ ಒಂದೊಂದಾಗಿ ತೆರೆಯುತ್ತ ಕೂತೆ. ಬುಧವಾರ ಮಧ್ಯಾಹ್ನ ಸಿಕ್ಕಿತು. ಸಾಲು ಸಾಲು ಇಟ್ಟಿಗೆ, ಕೆಳಗೊಂದು ಪಟ್ಟಿ, ನಡುವೆ ಚೆಂಡು. ನಾನು ಕೊಂದ ಆಟ. ಅವರು ಮತ್ತೆಂದೂ ಆಡದೆ ಹೋದ ಆಟ. ಫೋನನ್ನು ಮಡಿಲಲ್ಲಿಟ್ಟುಕೊಂಡು ಶುರು ಮಾಡುವ ಗುಂಡಿ ಒತ್ತಿದೆ.

ಆಡುವವರು ಒಬ್ಬರೋ ಇಬ್ಬರೋ ಎಂದು ಅದು ಕೇಳಿತು. ಇಬ್ಬರು ಎಂದು ಒತ್ತಿದೆ. ಸರದಿಯ ಆಟ, ಒಬ್ಬರ ಚೆಂಡು ಬಿದ್ದರೆ ಮತ್ತೊಬ್ಬರು. ಮೊದಲನೆಯದನ್ನು ನೀಲಮ್ಮನಿಗೆ ಬಿಟ್ಟೆ, ಎರಡನೆಯದು ನನ್ನದು. ಅವಳ ಸರದಿಯನ್ನು ನಾನೇ ಆಡಿದೆ, ನನ್ನದಕ್ಕಿಂತ ಹೆಚ್ಚು ಜೋಪಾನವಾಗಿ. ಅವಳದೊಂದು ಚೆಂಡು ಬಿದ್ದಾಗ “ತಪ್ಪಾತವ್ವಾ” ಎಂದು ಬಾಯಿಬಿಟ್ಟೇ ಹೇಳಿದೆ.

ಇಜೇರಿಯಕಿಯೇ ಗೆದ್ದಳು. ಇನ್ನೊಂದು ಆಟ ಹಾಕಿದೆ.